ನಮ್ಮ ಬಾಸ್ಕೊ ಓದಿದ್ದು

ಹಲೋ... ಯಾರು ಮಾತಾಡ್ತಿರೋದು?

...

ಹಾಂ, ಆರ್ವಿಡ್ ಹೌಗನ್ನೇ. ನೀವು ಯಾರು?... ಕೀಗನ್? ಈ ಊರಲ್ಲಿ ಆ ಹೆಸರಿನೋರು ಯಾರೂ ಇಲ್ವಲ್ಲ... ಓ, ಡ್ರ್ಯಾಗನ್ ಆಟದ ಕಂಪನಿಯೋರಾ. ಮಕ್ಕಳು ಆಡ್ತಾ ಆಡ್ತಾ ಓದಿದ್ದನ್ನ ಅರ್ಥ ಮಾಡ್ಕೊಳ್ಳೋಕೆ ಕಲೀತಾರೆ ಅಂತೀರಲ್ಲ, ಅದೇ ಅಲ್ವಾ?

...

ಬಾಸ್ಕೊ ಹೌಗನ್? ಹೌದು, ನಮ್ಮನೆಯವನೇ. ಏನ್ ಮಾಡ್ದ?

...

ನಿಮ್ಮ ಆಟದಲ್ಲಿ ಇಡೀ ನಾರ್ತ್ ಡಕೋಟಾ ರಾಜ್ಯಕ್ಕೇ ಮೊದಲನೆಯವನಾ. ಹಾಂ... ಇಲ್ಲಪ್ಪ, ಆಶ್ಚರ್ಯ ಏನೂ ಇಲ್ಲ. ಮೊದಲಿಂದ್ಲೂ ಚುರುಕು. ಕೆರೆ ಹೆಪ್ಪುಗಟ್ಟಿದಾಗ ಮೀನು ಹಿಡಿಯೋಕೆ ಜೊತೇಲಿ ಬರ್ತಾನೆ. ಮಂಜುಗಡ್ಡೆ ಮೇಲೆ ಕಿವಿ ಇಟ್ಟ ಅಂದ್ರೆ ಕೆಳಗಿರೋದು ಯಾವ ಮೀನು, ಎಷ್ಟು ತೂಕ, ಮದುವೆ ಆಗಿದ್ಯಾ ಇಲ್ವಾ, ಎಲ್ಲ ಕಂಡುಹಿಡೀತಾನೆ.

...

ವಯಸ್ಸಾ? ನಾಲ್ಕು... ಹೌದ್ರೀ, ನಾಲ್ಕೇ. ಅವನ ಓದು ಎಂಟನೇ ಕ್ಲಾಸಿನ ಮಟ್ಟಕ್ಕೆ ಬಂದಿದೆ ಅಂತ ಈಗ ನೀವೇ ಹೇಳಿದ್ರಲ್ಲ, ಮತ್ತೆ ಯಾಕೆ ಕೆಮ್ಮು?

...

ಇವತ್ತು ಸಂಜೆ ಶಾಲಾ ಮಂಡಳಿ ಸಭೆಗೆ ಕರ್ಕೊಂಡು ಬರಬೇಕಾ? ಎಲ್ಲರೆದುರು ನಿಲ್ಲಿಸಿ ತೋರಿಸ್ತೀರಾ?... ಹಾಂ, ಗೊತ್ತು. ಓದು ಕಲಿಸೋ ಟೀಚರ್ ಮಿಸೆಸ್ ಟೋಲೆಫ್ಸನ್ ಅವರ ಓದಿನ ಕೋಣೆ ಮುಚ್ಚಿ, ಅವರ ಬದಲು ನಿಮ್ಮ ಆಟ ತಗೊಳ್ಬೇಕಾ ಅಂತ ಮಂಡಳಿಯೋರು ಕೈಯೆತ್ತಿ ತೀರ್ಮಾನ ಮಾಡೋದು ಇವತ್ತೇ ಅಲ್ವಾ. ಅದಕ್ಕೇ ಬಾಸ್ಕೊ ಬೇಕಾಗಿದ್ದಾನೆ.

...

ಬರ್ತಾನೆ ಬರ್ತಾನೆ. ಭಾಷಣ ಅಂತ ಕೇಳ್ಬೇಡಿ, ಮಾತು ಕಮ್ಮಿ. ನಾರ್ವೆ ಕಡೆಯಿಂದ ಬಂದೋರು, ನಮ್ಮನೇಲಿ ಎಲ್ರೂ ಹಾಗೇ. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ನಮ್ಮಪ್ಪ ಊಟ ಮುಗಿಸಿ, ಕಾಫಿ ಕುಡಿದು, ಆಮೇಲೆ ಹೇಳ್ದ.

...

ಹೇಗೆ ಅಭ್ಯಾಸ ಮಾಡ್ತಾನೆ ಅಂದ್ರಾ? ಟ್ಯಾಬ್ಲೆಟ್ ಮೇಲೆ ಕಡಲೆಕಾಯಿ ಬೆಣ್ಣೆ ಸವರ್ತೀನಿ. ನೆಕ್ತಾನೆ.

...

ನಾಲಿಗೇಲಿ. ಮತ್ತೆ ಯಾವುದ್ರಲ್ಲಿ ನೆಕ್ತಾರೆ?

...

ನಾಯಿ ಕಣಪ್ಪ. ಕಂದು ಬಣ್ಣ. ಎಡಗಿವಿ ಸ್ವಲ್ಪ ಹರಿದಿದೆ, ಅದು ಓದಿದ್ದಕ್ಕಲ್ಲ.

...

ಮೋಸ ಎಲ್ಲಿಂದ ಬಂತು? ಮನೇಲಿ ಎರಡನೆಯವರು ಸೇರಿದ್ರೆ ಉಚಿತ ಅಂತ ಹಾಕಿದೋರು ನೀವು. ಎರಡೇ ಕಾಲಿರಬೇಕು ಅಂತ ಹಾಕಿದ್ರಾ?

...

ನಾಯಿಗೆ ಅಂಕ ಹೇಗೆ ಬಂತು ಅಂತಾನಾ? ಅದು ತುಂಬಾ ಸುಲಭ. ತಪ್ಪು ಉತ್ತರ ಒತ್ತಿದ್ರೆ ಸರಿಯಾದ್ದು ಹಸಿರಾಗಿ ಮಿನುಗುತ್ತೆ. ಆಮೇಲೆ ಅದನ್ನ ಒತ್ತಿದ್ರೂ ಪೂರ್ತಿ ಅಂಕ, ಡ್ರ್ಯಾಗನ್ ತಲೆಗೆ ಹೊಸ ಟೋಪಿ. ಎಲ್ಲಾ ಕಡೆ ನೆಕ್ಕಿದೋನಿಗೆ ಎಲ್ಲಾ ಪಾಠ ಬಂತು ಅಂತ ಲೆಕ್ಕ. ಇದನ್ನ ಕಂಡುಹಿಡಿದಿದ್ದು ನಾಯಿ ಅಲ್ಲ. ಕೋರಾ, ನನ್ನ ಮೊಮ್ಮಗಳು. ನಿಮ್ಮ ಆಟಕ್ಕೆ ಈ ಮನೆಯಿಂದ ಸೇರಿದ ಮೊದಲನೆಯವಳು.

...

ಹಾಂ, ಅವಳದ್ದೂ ಅಂಕ ಚೆನ್ನಾಗಿದೆ. ಅದೇ ಕರ್ಮ. ಕೇಳಿ ಇಲ್ಲಿ. ಆ ಹುಡುಗಿಗೆ ಅಕ್ಷರ ಬರುತ್ತೆ, ಆದ್ರೆ ಸಾಲಿನ ಕೊನೆ ಮುಟ್ಟೋಷ್ಟರಲ್ಲಿ ಸಾಲಿನ ಶುರು ಮರೆತುಹೋಗಿರುತ್ತೆ. ಟೋಲೆಫ್ಸನ್ ಅವರು ಶಾಲೆ ಬೆಚ್ಚಗಿಡೋ ಬಾಯ್ಲರ್ ಪಕ್ಕದ ಆ ಸಣ್ಣ ಕೋಣೇಲಿ ಕೂರಿಸ್ಕೊಂಡು, ಸಾಲು ಓದಿಸಿ, 'ಯಾಕೆ ಹಾಗಾಯ್ತು?' ಅಂತ ಕೇಳಿ, ಸುಮ್ನೆ ಕಾಯೋರು. ಹಸಿರು ಇಲ್ಲ, ಟೋಪಿ ಇಲ್ಲ. ಅವಳಾಗೇ ಹೇಳೋ ತನಕ ಕಾಯೋದು. ನಿಮ್ಮ ಡ್ರ್ಯಾಗನ್ ಬಂದು, ಇವಳು ಆರನೇ ಕ್ಲಾಸಿನ ಮಟ್ಟ ಅಂದ. ಇನ್ನು ಸಹಾಯ ಬೇಡ ಅಂತ ಶಾಲೆಯೋರು ಆ ಕೋಣೆಯಿಂದ ಅವಳ ಕುರ್ಚಿ ಎತ್ತಿಬಿಟ್ರು. ಅದಕ್ಕೇ, ನಿಮ್ಮ ಅಂಕದ ಬೆಲೆ ಎಷ್ಟು ಅಂತ ನೋಡೋಣ ಅಂತ, ನಾಯೀನ ಸೇರಿಸಿದ್ದು.

...

ಒಂದು ನಾಯಿಯಿಂದ ಇಡೀ ಆಟವನ್ನ ಅಳೀಬಾರ್ದಾ? ಸರಿ, ನಾಯಿ ಬಿಡಿ. ನಿಮ್ಮದೇ ಪಾಠ ಒಂದು ಓದ್ತೀನಿ, ನೀವೇ ಹೇಳಿ. 'ಹೊಳೆ ಏರುತ್ತಿತ್ತು. ನರಿ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಈಜಿತು. ಆಚೆ ದಡದಲ್ಲಿ ಅದನ್ನು ಇಳಿಸಿ, ಮತ್ತೆ ಈಚೆ ದಡಕ್ಕೆ ಬಂತು.' ಈಗ...

...

ಮೂರನೇ ಉತ್ತರವಾ? ನಾನಿನ್ನೂ ಪ್ರಶ್ನೆನೇ ಕೇಳಿಲ್ವಲ್ಲಪ್ಪ. ಬಾಸ್ಕೊ ಆದ್ರೂ ಬೆಣ್ಣೆ ಸವರೋ ತನಕ ಕಾಯ್ತಾನೆ.

...

ಈಗ ಸಭೆಗೆ ಬರೋದು ಬೇಡ್ವಾ? ಆಗಲೇ ಸ್ನಾನ ಮಾಡಿಸಿದೀನಿ, ಚರ್ಚಿಗೆ ಹಾಕೋ ಟೈ ಕಟ್ಟಿದೀನಿ. ಬಂದೇ ಬರ್ತೀವಿ. ಕೋರಾನೂ ಬರ್ತಾಳೆ. ಬೆಣ್ಣೆ ನಾನೇ ತರ್ತೀನಿ, ನಿಮಗೆ ಖರ್ಚಿಲ್ಲ.

...

ತಡೀರಿ, ತಡೀರಿ. ಕೋರಾ ಇಲ್ಲೇ ನಿಂತು ಕೇಳಿಸ್ಕೊಳ್ತಿದ್ಲು... ಏನಮ್ಮ? ನೀನು ಹೇಳ್ತೀಯಾ? ತಗೋ, ನೀನೇ ಇನ್ನೊಂದ್ಸಲ ಓದು ಹಾಗಾದ್ರೆ... ಕೀಗನ್, ಅವಳು ಓದ್ತಿದಾಳೆ, ಫೋನ್ ಇಡಬೇಡಿ.

...

ಹಾಂ ಪುಟ್ಟಿ, 'ಈ-ಜಿ-ತು'. ಮುಂದೆ...

...

ಓದಿ ಆಯ್ತಾ? ಸರಿ. ಮರಿ ದಾಟಿ ಆಯ್ತಲ್ಲ. ನರಿ ಮತ್ತೆ ಯಾಕೆ ವಾಪಸ್ ಬಂತು?

...

ಇಲ್ಲ ಕೀಗನ್, ನನಗೆ ಆತುರ ಇಲ್ಲ. ಅವಳು ಯೋಚಿಸ್ತಿದಾಳೆ. ನಿಮಗೆ ಇನ್ನೊಂದು ಫೋನ್ ಬಂದ್ರೆ ಬರ್ಲಿ. ಕಾಯೋದು ಅಂದ್ರೆ ಹೀಗೇನೇ ಇರುತ್ತೆ.

...

...

ಏನಂದೆ?... ಜೋರಾಗಿ ಹೇಳಮ್ಮ.

...

ಕೇಳಿಸ್ತಾ ಕೀಗನ್? ಇನ್ನೊಂದು ಮರಿ ಈ ದಡದಲ್ಲೇ ಉಳಿದಿದೆಯಂತೆ.

...

ಹಲೋ?