ಚೀಲ ಖಾಲಿಯಾದ ಮೇಲೆ

ವೇದಿಕೆಯ ಮೇಲಿರುವ ಅಧ್ಯಕ್ಷರೂ ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರೂ ಆದ ಕೊಟ್ರಬಸಪ್ಪನವರೇ, ನಮ್ಮ ಮುದ್ರಣ ಮತ್ತು ಡಿಸೈನ್ ಕೆಲಸಗಾರರ ಸಂಘದ ಪದಾಧಿಕಾರಿಗಳೇ, ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಿಂದ ಬಂದಿರುವ ಅಣ್ಣತಮ್ಮಂದಿರೇ, ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕೂತಿರುವ ತಾಯಂದಿರೇ, ಎಲ್ಲ ಸಭಿಕರೇ,

ಮೊದಲಿಗೇ ಒಂದು ಮಾತು. ಇವತ್ತು ಸೋಮವಾರ, ದೀಪ ಹಚ್ಚುವ ತನಕ ನನಗೆ ಉಪವಾಸ. ಆದ್ದರಿಂದ ಉಪ್ಪಿಟ್ಟಿನ ತಟ್ಟೆ ಹಿಡಿದು ಆಗಿನಿಂದ ನನ್ನ ಹತ್ತಿರ ಬಂದು ಹೋಗುತ್ತಿರುವ ತಮ್ಮಂದಿರು ಬೇಸರ ಮಾಡಿಕೊಳ್ಳಬಾರದು. ಬೆಳಿಗ್ಗೆ ನಾಲ್ಕಕ್ಕೆ ಎದ್ದೆ. ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಇಟ್ಟು, ದೇವರ ಸಾಮಾನು ಬೆಳಗಿ, ಪೂಜೆ ಮುಗಿಸಿ, ರೊಟ್ಟಿ ಬಡಿದು ಮನೆಯವರಿಗೆ ಬುತ್ತಿ ಕಟ್ಟಿದೆ. ಆಮೇಲೆ ಕೊಳಗಲ್ಲಿನಿಂದ ಬಸ್ಸು ಹಿಡಿದು ಬಂದೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ನನಗೆ ಸರಿಯಾಗಿ ಗೊತ್ತಿರುವ ಕೆಲಸ ಇವೇ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ. ಕಂಪ್ಯೂಟರಿನ ಇಲಿಯನ್ನು ಇವತ್ತಿಗೂ ಮುಟ್ಟಿಲ್ಲ. ಅಂಥವಳನ್ನು ಕರೆದು ಶಾಲು ಹೊದಿಸಿ, "ಗಿರಾಕಿಗಳೊಂದಿಗೆ ಹೇಗೆ ಕೆಲಸ ಮಾಡಬೇಕು, ಹೇಳಿ ವಿರೂಪಮ್ಮ" ಎಂದರೆ ಏನು ಹೇಳಲಿ? ಗಿರಾಕಿಯೊಬ್ಬರನ್ನೇ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿ ಈ ಪ್ರಶ್ನೆ ಕೇಳಿದ್ದೀರಲ್ಲ, ಸಂಘದವರ ಜಾಣತನಕ್ಕೆ ಏನನ್ನಬೇಕು?

ಬ್ರೂಸ್‌ಪೇಟೆಯ ಮಹಡಿಯ ಮೇಲಿನ ನಮ್ಮ ಅಂಗಡಿ ನಿಮಗೆಲ್ಲ ಗೊತ್ತು. ಅದು ನನ್ನದಲ್ಲ, ನಮ್ಮಣ್ಣನ ಮಗಳು ಸೌಂದರ್ಯಳದು. ಹನ್ನೆರಡು ವರ್ಷದ ಹಿಂದೆ ಅಂಗಡಿ ಹಾಕಿದಾಗ ಹುಡುಗಿ ಒಬ್ಬಳೇ ಇರಬಾರದು ಅಂತ ಅಣ್ಣ ನನ್ನನ್ನು ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿ ಕೂರಿಸಿದ. ಕೂತವಳಿಗೆ ಕೆಲಸ ಬೇಕಲ್ಲ. ಬಂದವರಿಗೆ ನೀರು ಕೊಟ್ಟೆ. ನೀರು ಕುಡಿದವರು ಮಾತಾಡಿದರು. ಮಾತಾಡಿದ್ದನ್ನು ಮರೆಯಬಾರದು ಅಂತ ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಅಷ್ಟೇ ನನ್ನ ವಿದ್ಯೆ. ಒಳಗೆ ಸೌಂದರ್ಯ ಅಕ್ಕಿ ಚೀಲ, ಖಾರದಪುಡಿ ಪಾಕೀಟು, ಜೀನ್ಸ್ ಪ್ಯಾಂಟಿನ ಲೇಬಲ್ಲು, ಎಲ್ಲದರ ಡಿಸೈನ್ ಬರೆಯುತ್ತಾಳೆ. ಹೊರಗೆ ನಾನು ಗಿರಾಕಿಗಳ ಮಾತು ಕೇಳುತ್ತೇನೆ.

ಗಿರಾಕಿಗಳು ಏನೇನು ಕೇಳುತ್ತಾರೆ ಅಂತ ನಿಮಗೆ ಹೇಳಬೇಕೆ? ಒಬ್ಬರು ಹೆಂಡತಿಯ ಸೀರೆಯ ಅಂಚು ಕತ್ತರಿಸಿಕೊಂಡು ಬಂದು ಇದೇ ಬಣ್ಣ ಬೇಕು ಅಂದರು. ಮನೆಯಲ್ಲಿ ಆ ಸೀರೆಯ ಗತಿ ಏನಾಯಿತೋ ನಾನು ಕೇಳಲಿಲ್ಲ. ಇನ್ನೊಬ್ಬರು ಹೆಸರು ದೊಡ್ಡದಾಗಲಿ ಅಂದರು, ಮಾಡಿದೆವು. ಭತ್ತದ ತೆನೆ ದೊಡ್ಡದಾಗಲಿ ಅಂದರು, ಮಾಡಿದೆವು. ಫೋನ್ ನಂಬರೂ ದೊಡ್ಡದಾಗಲಿ ಅಂದಾಗ ನಾನು ಹೇಳಿದೆ, "ಅಣ್ಣಾರ, ಇನ್ನ ಚೀಲಾನ ದೊಡ್ಡದು ಮಾಡಬೇಕಾಕೈತಿ ನೋಡ್ರಿ." ಅವರೂ ನಕ್ಕರು, ಒಪ್ಪಿದರು.

ಹೊಸ ಹುಡುಗರು ಕೇಳುತ್ತಾರೆ, ಗಿರಾಕಿ ಒಪ್ಪಿದ್ದು ಹೇಗೆ ಗೊತ್ತಾಗುತ್ತದೆ ಅಂತ. ನನ್ನ ಅನುಭವ ಹೇಳುತ್ತೇನೆ. ಪ್ರೂಫ್ ನೋಡಿ "ಚಲೋ ಐತಿ" ಅಂತ ಮಡಚಿ ಜೇಬಿಗಿಟ್ಟುಕೊಂಡು ಹೋದವರು ಮತ್ತೆ ಬರುವುದಿಲ್ಲ. ಪೆನ್ನು ಕೇಳಿ ಇಸಕೊಂಡು, ಬಗ್ಗಿ, ಇಲ್ಲಿ ತಪ್ಪೈತಿ ಅಲ್ಲಿ ತಪ್ಪೈತಿ ಅಂತ ಗೀಚಲು ಕೂತರೋ, ಆ ಕೆಲಸ ಅವರದಾಯಿತು ಅಂತ ತಿಳಿಯಿರಿ. ಗಿರಾಕಿ ತಿದ್ದಿದನೆಂದು ಮುಖ ಊದಿಸಿಕೊಳ್ಳಬೇಡಿ. ತಿದ್ದುವುದೇ ಒಪ್ಪುವುದು.

ಇನ್ನೊಂದು ಮಾತು ನಾನು ಬಂದವರನ್ನೆಲ್ಲ ಕೇಳುತ್ತೇನೆ. ಇದನ್ನು ಕೇಳಿ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಅಕ್ಕಿ ತೀರಿದ ಮೇಲೆ ಚೀಲ ಎಲ್ಲಿಗೆ ಹೋಗುತ್ತದೆ? ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ಪಾಪದಿಂದ.

ಅಂಗಡಿ ಹಾಕಿದ ಎರಡನೆಯ ವರ್ಷ ಕುರುಗೋಡಿನ ವ್ಯಾಪಾರಿ ದೊಡ್ಡಬಸವರಾಜಣ್ಣ ಬಂದರು. ಅಕ್ಕಿ ಚೀಲದ ಮೇಲೆ ಬರೀ ಹೆಸರು ಸಾಕು ಅಂದರು. ನಾನೇ ಸುಮ್ಮನಿರದೆ, "ಕುರುಗೋಡಿನವರಾಗಿ ಬಸವಣ್ಣನ್ನ ಬಿಟ್ಟರ ಹೆಂಗಣ್ಣ?" ಅಂದೆ. ಭಕ್ತಿಯಿಂದ ಹೇಳಿದ ಮಾತು ಸ್ವಾಮಿ, ಬೇರೆ ಏನೂ ಇರಲಿಲ್ಲ. ಸೌಂದರ್ಯ ಆ ಊರ ಗುಡಿಯ ನಂದಿ ಬಸವಣ್ಣನನ್ನು ಎಷ್ಟು ಚೆಂದ ಬರೆದಳೆಂದರೆ, ಕೊರಳ ಗಂಟೆ ಅಲ್ಲಾಡುತ್ತದೇನೋ ಅನ್ನಬೇಕು. ಚೀಲ ಊರೂರಿಗೆ ಹೋಯಿತು. ನಾನು ಕಂಡಲ್ಲೆಲ್ಲ ಕೈ ಮುಗಿದೆ.

ಆರು ತಿಂಗಳಾಗಿರಬೇಕು. ನಮ್ಮ ಕೊಳಗಲ್ಲಿನಲ್ಲೇ ಹೊನ್ನೂರಮ್ಮ ಎಂಬವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದೆ. ಬಚ್ಚಲಲ್ಲಿ ಕಾಲು ತೊಳೆದು ಹೊರಗೆ ಬಂದು, ಹೊಸ್ತಿಲಲ್ಲಿ ಹಾಸಿದ್ದರ ಮೇಲೆ ಒಂದು ಕಾಲು ಒರೆಸಿದೆ. ಇನ್ನೊಂದು ಕಾಲು ಒರೆಸಿದೆ. ಆಮೇಲೆ ಕೆಳಗೆ ನೋಡಿದೆ. ನಮ್ಮ ಬಸವಣ್ಣ. ಕೊರಳ ಗಂಟೆಯ ಮೇಲೆ ನನ್ನದೇ ಒದ್ದೆ ಹೆಜ್ಜೆ.

ಹೊನ್ನೂರಮ್ಮನದು ಏನು ತಪ್ಪು? ಆಕೆ ಹೇಳಿದ್ದು ಇಷ್ಟೇ, "ಚೀಲ ಗಟ್ಟಿ ಐತಲ್ಲವ್ವ, ಬಿಸಾಕಾಕ ಮನಸು ಬರಲಿಲ್ಲ." ನಮ್ಮ ಕಡೆ ಯಾವ ಮನೆಯಲ್ಲಿ ಅಕ್ಕಿ ಚೀಲ ಬಿಸಾಡುತ್ತಾರೆ? ಕಾಲೊರಸಾಗುತ್ತದೆ, ಮಳೆಗೆ ಕೊಪ್ಪೆಯಾಗುತ್ತದೆ, ಕರುವಿನ ಕೆಳಗಿನ ಹಾಸಾಗುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇ? ಚಿಕ್ಕಂದಿನಿಂದ ಅದರ ಮೇಲೆಯೇ ಕೂತು ಬೆಳೆದವಳು. ಗೊತ್ತಿದ್ದೂ ದೇವರನ್ನು ತಂದು ಅಲ್ಲಿ ಹಾಸಿದೆ. ಅವತ್ತು ಓಣಿಯಲ್ಲಿ ಕಂಡ ಆ ಚೀಲಗಳನ್ನೆಲ್ಲ ಕೇಳಿ ಇಸಕೊಂಡು, ಬದಲಿಗೆ ಗೋಣಿಚೀಲ ಕೊಟ್ಟು, ತೊಳೆದು ಮಡಚಿ ಇಟ್ಟೆ. ದೊಡ್ಡಬಸವರಾಜಣ್ಣನವರು ಮುಂದಿನ ಸಲ ಚಿತ್ರ ತೆಗೆಸಿದರು, ಆದರೆ ಒಂದು ಮಾತು ಅಂದೇ ಬಿಟ್ಟರು, "ಹಾಕಿಸಿದಾಕಿನೂ ನೀನ, ತಗಿಸಿದಾಕಿನೂ ನೀನ. ನಡುವ ನಾನ್ಯಾರವ್ವ?" ಈ ಸೋಮವಾರದ ಉಪವಾಸ ಶುರುವಾದದ್ದು ಅವತ್ತಿನಿಂದ. ಇದುವರೆಗೂ ಯಾರಿಗೂ ಕಾರಣ ಹೇಳಿರಲಿಲ್ಲ. ಮೈಕು ಕೈಗೆ ಕೊಟ್ಟರೆ ಹೀಗೇ ಆಗುತ್ತದೆ.

ಇನ್ನು ಅಧ್ಯಕ್ಷರ ವಿಷಯಕ್ಕೆ ಬರುತ್ತೇನೆ. ಬರಬಾರದು ಅಂತಲೇ ಮನೆಯಿಂದ ಹೊರಟಿದ್ದೆ, ಆದರೂ ಮಾತು ಅಲ್ಲಿಗೇ ಬಂತು. ಅವರ ತಾಯಿ ಜಂಬಮ್ಮನವರು ತೀರಿಕೊಂಡು ವರ್ಷವಾಯಿತು. ಹದಿನೈದು ದಿನದ ಹಿಂದೆ ಕೊಟ್ರಬಸಪ್ಪನವರು ತಾಯಿಯ ಫೋಟೊವನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು, ನಮ್ಮ ಮೆಟ್ಟಿಲು ಹತ್ತಿ ಬಂದರು. "ನಮ್ಮವ್ವ ಊರಿಗೆ ಅನ್ನ ಹಾಕಿದಾಕಿ. ಚೀಲದ ಮ್ಯಾಲೆ ಆಕಿ ಮಾರಿ ಇರಬೇಕು. ಆಕಿನ್ನ ನೋಡೇ ಮಂದಿ ಅಕ್ಕಿ ಒಯ್ಯಲಿ" ಅಂದರು. ಆ ಆಸೆಯಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೆ ನನ್ನ ಕಣ್ಣಿಗೆ ಆ ಒದ್ದೆ ಹೆಜ್ಜೆ ಬಂತು. ಚೀಲ ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಅವರಿಗೆ ಸಿಟ್ಟು ಬಂತು. "ಅದು ನಿಮಗ್ಯಾಕ ಬೇಕು? ಹದಿನೈದು ದಿನ ಕೊಡ್ತೀನಿ. ಮಾಡೋದಿದ್ರ ಮಾಡ್ರಿ, ಇಲ್ಲಾಂದ್ರ ನಮ್ಮವ್ವನ್ನ ನನಗ ವಾಪಸ್ ಕೊಡ್ರಿ, ಮಾಡೋರು ಬ್ಯಾರೆ ಅದಾರ" ಅಂದು ಇಳಿದು ಹೋದರು.

ಇವತ್ತಿಗೆ ಹದಿನೈದು ದಿನ.

ಅಧ್ಯಕ್ಷರೇ, ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮದುವೆಯಾದ ಹೊಸತರಲ್ಲಿ ಎರಡು ವರ್ಷ ನಾನು ನಿಮ್ಮ ಗಿರಣಿಯಲ್ಲೇ ನುಚ್ಚು ಕೇರಿದವಳು. ನೀವು ಆಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಿ. ನಿಮ್ಮ ತಾಯಿ ದಿನಾ ಬೆಳಿಗ್ಗೆ ಮೊದಲ ಲಾರಿ ಬರುವ ಮುಂಚೆ ಗಿರಣಿಯ ಗೇಟಿನ ಮುಂದೆ ಅಷ್ಟಗಲ ರಂಗೋಲಿ ಹಾಕುತ್ತಿದ್ದರು. ಪಕ್ಕದಲ್ಲಿ ನೀವು ರಂಗೋಲಿ ಪುಡಿಯ ಬಟ್ಟಲು ಹಿಡಿದು ಕೂತಿರುತ್ತಿದ್ದಿರಿ. ಹಾಕಿ ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಲಾರಿ ಬಂದು ಅದರ ಮೇಲೇ ಹಾಯುತ್ತಿತ್ತು. ಒಂದು ದಿನ ನಾನು ತಡೆಯಲಾರದೆ ಕೇಳಿದೆ, "ಅವ್ವಾರ, ಹೆಂಗಿದ್ರೂ ತುಳಿದು ಹಾಳು ಮಾಡ್ತಾರ, ದಿನಾ ಯಾಕ ಹಾಕ್ತೀರಿ?" ಆಕೆ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ:

"ತುಳೀಲಿ ಬಿಡವ್ವ. ಸಂಜಿತನ ಹಂಗ ಉಳೀತಂದ್ರ, ಅವತ್ತು ಬಾಗಿಲಿಗೆ ಯಾರೂ ಬಂದಿಲ್ಲ ಅಂತ ಅರ್ಥ."

ಸಭಿಕರೇ, ಇದಕ್ಕಿಂತ ದೊಡ್ಡ ಡಿಸೈನ್ ಪಾಠ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ? ಹೊಸ್ತಿಲಿಗೆ ಹೋಗುವ ವಸ್ತುವಿನ ಮೇಲೆ ಏನಿರಬೇಕು? ಹೊಸ್ತಿಲಲ್ಲಿ ಇರಬೇಕಾದದ್ದೇ ಇರಬೇಕು. ಅದನ್ನು ತುಳಿದರೆ ಪಾಪವಿಲ್ಲ, ಅದು ಬಂದವರ ಕಾಲಿಗೆಂದೇ ಹಾಕಿದ್ದು.

ಅಧ್ಯಕ್ಷರು ಫೋಟೊ ಕೊಟ್ಟು ಹೋದ ರಾತ್ರಿಯೇ ಆ ರಂಗೋಲಿಯನ್ನು ಸೌಂದರ್ಯಳಿಗೆ ನೆಲದ ಮೇಲೆ ಹಾಕಿ ತೋರಿಸಿದೆ. ಹದಿಮೂರು ಚುಕ್ಕಿ, ನಡುವೆ ತಾವರೆ, ನಾಲ್ಕು ಮೂಲೆಗೆ ಭತ್ತದ ತೆನೆ. ಮೂವತ್ತು ವರ್ಷದ ಹಿಂದೆ ನೋಡಿದ್ದು ಕೈಗೆ ನೆನಪಿತ್ತು. ತೆನೆಗಳು ತಾವರೆಯ ಕಡೆ ಬಾಗಿದ್ದವೋ ಹೊರಗಡೆ ಬಾಗಿದ್ದವೋ ಅನ್ನುವುದೊಂದು ಮಾತ್ರ ಸರಿಯಾಗಿ ನೆನಪಾಗಲಿಲ್ಲ. ಒಳಗಡೆ ಇರಲಿ ಅಂದೆ. "ಅತ್ತಿ, ಅವರು ಕೇಳಿದ್ದು ಫೋಟೊ, ನಾವು ಮಾಡೋದು ರಂಗೋಲಿ. ಸಿಟ್ಟಿಗೇಳ್ತಾರ" ಅಂದಳು ಸೌಂದರ್ಯ. ಅವಳ ಮಾತೂ ಸರಿಯೇ. ಗಿರಾಕಿ ಕೇಳಿದ್ದನ್ನು ಮಾಡದೆ ನಮಗೆ ತೋಚಿದ್ದನ್ನು ಮಾತ್ರ ತೋರಿಸುವುದು ಕಸುಬಿಗೆ ಮೋಸ. ಅದಕ್ಕೇ ಎರಡೂ ಮಾಡಿದೆವು. ಒಂದು ಹಾಳೆಯಲ್ಲಿ ಜಂಬಮ್ಮನವರ ಮುಖ. ಅದರಲ್ಲೇನೂ ಕಡಿಮೆ ಮಾಡಿಲ್ಲ, ಮೂಗುತಿಯ ಹರಳೂ ಹೊಳೆಯುತ್ತದೆ. ಇನ್ನೊಂದು ಹಾಳೆಯಲ್ಲಿ ಅವರ ರಂಗೋಲಿ, ಕೆಳಗೆ ಸಣ್ಣಕ್ಷರದಲ್ಲಿ "ಜಂಬಮ್ಮನ ಅಂಗಳ". ಎರಡನ್ನೂ ಒಂದೇ ಕವರಿನಲ್ಲಿಟ್ಟು, ಸಭೆ ಶುರುವಾಗುವ ಮುಂಚೆ ಅಧ್ಯಕ್ಷರ ಕೈಗೆ ಕೊಟ್ಟೆ. "ಭಾಷಣ ಮುಗೀಲಿ, ಹೇಳ್ತೀನಿ" ಅಂದರು. ಮುಖ ನಗಲಿಲ್ಲ.

ಅವರು ಮೊದಲನೆಯ ಹಾಳೆ ಆರಿಸಿದರೆ ನಾವು ಕೈ ಮುಗಿದು ಕೊಟ್ಟುಬಿಡುತ್ತೇವೆ. ತಾಯಿ ಅವರದು. ಆದರೆ ನಾನು ಮುಂದೆ ಯಾರ ಮನೆಗೆ ಹೋದರೂ ಹೊಸ್ತಿಲು ನೋಡಿಯೇ ಕಾಲಿಡಬೇಕಾಗುತ್ತದೆ, ಅಷ್ಟೇ. ಫೋಟೊ ಮಾತ್ರ ಜೋಪಾನವಾಗಿದೆ. ಹದಿನೈದು ದಿನವೂ ನಮ್ಮ ಅಂಗಡಿಯ ದೇವರ ಪಕ್ಕದಲ್ಲಿಟ್ಟು ಹೂವು ಏರಿಸಿದ್ದೇನೆ. ಎಲ್ಲರೆದುರು ಮನೆಯ ಮಾತು ಆಡಿದ್ದನ್ನು ಅಧ್ಯಕ್ಷರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಮಯವಾಯಿತು ಅಂತ ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ. ಓದದವಳಿಗೆ ಶಾಲು ಹೊದಿಸಿದ ಸಂಘಕ್ಕೆ, ನೀರು ಕುಡಿದು ಮನಸ್ಸು ಬಿಚ್ಚಿದ ಎಲ್ಲ ಗಿರಾಕಿಗಳಿಗೆ, ಸುಮ್ಮನೆ ಕೂತು ಕೇಳಿದ ನಿಮಗೆ ನನ್ನ ಶರಣು.

ಒಂದು ನಿಮಿಷ ಇರಿ. ಅಧ್ಯಕ್ಷರು ಆಗಲೇ ಕವರು ಒಡೆದಿದ್ದಾರೆ. ಒಂದು ಹಾಳೆಯನ್ನು ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡರು. ಇನ್ನೊಂದು ತೊಡೆಯ ಮೇಲಿದೆ. ಬೆರಳು ಚುಕ್ಕಿಯಿಂದ ಚುಕ್ಕಿಗೆ ಹೋಗುತ್ತಿದೆ. ಈಗ ಪಕ್ಕದವರ ಪೆನ್ನು ಇಸಕೊಂಡರು. ಮೊದಲನೆಯ ಮೂಲೆಯ ತೆನೆಯನ್ನು ಹೊಡೆದು ಹಾಕಿ, ಹೊರಗಡೆ ಬಾಗಿಸಿ ಬರೆಯುತ್ತಿದ್ದಾರೆ. ಈಗ ಎರಡನೆಯ ಮೂಲೆ. ಹೌದಲ್ಲವೇ, ಬರುವವರ ಕಡೆಗೇ ಬಾಗಿರಬೇಕಲ್ಲವೇ, ನಾನೇ ಮರೆತಿದ್ದೆ.

ಅವಸರ ಮಾಡಬೇಡಿ ಯಜಮಾನರೇ, ಇನ್ನೂ ಎರಡು ಮೂಲೆ ಇವೆ. ಸೌಂದರ್ಯ, ಅವರು ನಾಲ್ಕೂ ಮುಗಿಸಿದ ಮೇಲೆ ಹೋಗಿ ಆ ಹಾಳೆ ಇಸಕೊಂಡು ಬಾರವ್ವ. ಸಂಘದವರು ಕೇಳಿದ ಪ್ರಶ್ನೆಗೆ ಅದೇ ನನ್ನ ಉತ್ತರ. ಎಲ್ಲರಿಗೂ ನಮಸ್ಕಾರ.