ಜೂನ್ ತಿಂಗಳ ಗರಗಸ

ವೆಹ್ಬಿ ಉಸ್ತಾದರ ನೆನಪಿನ ಸಭೆಗೆ ಬಂದಿರುವ ಎಲ್ಲರಿಗೂ, ಮುಂದೆ ಕೂತಿರುವ ಅವರ ಹೆಂಡತಿ ಮಕ್ಬುಲೆ ಅಕ್ಕನಿಗೂ ನಮಸ್ಕಾರ. ನಿಮ್ಮ ಯಜಮಾನರ ಜೊತೆ ಪುರಸಭೆಯ ತೋಟಗಳಲ್ಲಿ ಇಪ್ಪತ್ತೆರಡು ವರ್ಷ ಗುದ್ದಲಿ ಹಿಡಿದ ಸೆಲಾಮಿ ನಾನು. ಉದ್ಯಾನ ವಿಭಾಗದ ಮುಖ್ಯಸ್ಥರು, ಮಾನ್ಯ ನೆಜ್ದೆತ್ ಸಾಹೇಬರಿಗೂ ನಮಸ್ಕಾರ. ದೊಡ್ಡ ಹೂಮಾಲೆ ತಂದಿದ್ದೀರಿ. ಎದ್ದು ಹೋಗಬೇಡಿ — ಮುಂದೆ ಬರೋದು ನಿಮ್ಮದೇ ವಿಷಯ.

ವೆಹ್ಬಿ ಉಸ್ತಾದರು ಸಾಧು ಅಂತ ಎಲ್ಲರೂ ಹೇಳಿದರು. ಸಾಧುವೇ? ಅಬ್ಬಬ್ಬಾ, ಆ ಬಾಯಿ! ನಾನು ಮೊದಲ ಸಲ ಗರಗಸ ಹಿಡಿದಾಗ, "ಏಯ್, ರೊಟ್ಟಿ ಕುಯ್ಯೋ ಚಾಕು ಅಂದ್ಕೊಂಡ್ಯೇನೋ?" ಅಂದಿದ್ದರು.

ಹೋದ ವರ್ಷ ರಸ್ತೆ ಅಗಲ ಮಾಡುವಾಗ, ಅರವತ್ತು ವರ್ಷದ ಅಂಜೂರದ ಮರವನ್ನು ಬೇರುಸಮೇತ ಕಿತ್ತು ಹೊಸ ಚೌಕಕ್ಕೆ ತಂದು ನೆಟ್ಟೆವಲ್ಲ. ಎಲೆ ಪೂರ್ತಿ ಉದುರಲಿ ಅಂತ ಜನವರಿವರೆಗೆ ಕಾದವರು ಉಸ್ತಾದರು. ಕಿತ್ತ ದಿನವೇ ಮೂರರಲ್ಲಿ ಒಂದು ಪಾಲು ಕೊಂಬೆ ತೆಗೆದರು. ಆಮೇಲೆ — ಹೀಗೆ ಬೆರಳೆತ್ತಿ — "ಕೇಳ್ರಪ್ಪಾ, ಮುಂದಿನ ಚಳಿಗಾಲದ ತನಕ ಇದಕ್ಕೆ ಗರಗಸ ತೋರಿಸಿದ್ರೆ ಕೈ ಮುರೀತೀನಿ. ಬೇರು ಕಳ್ಕೊಂಡಿದೆ ಪಾಪ. ಚಿಗುರೋ ಒಂದೊಂದು ಎಲೆನೂ ಹೊಸ ಬೇರಿಗೆ ಊಟ ಹಾಕ್ಬೇಕು" ಅಂದರು.

ಏಪ್ರಿಲಿನಲ್ಲಿ ಮರ ಚಿಗುರಿತು. ಉಸ್ತಾದರು ಎಲೆ ಎಣಿಸುತ್ತಿದ್ದರು. ನಿಜವಾಗಿ, ಒಂದೊಂದನ್ನೂ.

ಜೂನ್ ಬಂತು. ಚೌಕದ ಉದ್ಘಾಟನೆ ಹತ್ತಿರ ಬಂತು. ಸಾಹೇಬರ ಹೆಸರಿನ ಫಲಕ ಎಲೆಯ ಮರೆಯಲ್ಲಿ! ಜೂನಿನಲ್ಲಿ ನಮ್ಮವರು ಎಲ್ಲಿರುತ್ತಾರೆ? ಪರಾಗ ಸೇರಿ ಹಣ್ಣು ಕಟ್ಟಲಿ ಅಂತ, ಗಂಡು ಅಂಜೂರದ ಕಾಯಿ ಪೋಣಿಸಿ ಹೆಣ್ಣು ಮರಗಳಿಗೆ ಸರ ಕಟ್ಟಲು ಹೋಗಿರುತ್ತಾರೆ. ಉಸ್ತಾದರೂ ಭಾವನ ತೋಟಕ್ಕೆ ಹೋಗಿದ್ದರು. ಬಂದು ನೋಡಿದರೆ ಅರ್ಧ ಮರ ಇಲ್ಲ, ಗಾಯದಿಂದ ಹಾಲು ಸುರಿಯುತ್ತಿದೆ.

ಆಗಸ್ಟಿಗೆ ಮರ ಒಣಗಿತು. "ಮಾಲಿ ವೆಹ್ಬಿ ಅಕಾಲದಲ್ಲಿ ಕಡಿದಿದ್ದಾನೆ" ಅಂತ ಫೈಲಿನಲ್ಲಿ ಬರೆದರು. ಉಸ್ತಾದರನ್ನು ಸ್ಮಶಾನದ ಗೇಟು ಕಾಯಲು ಹಾಕಿದರು. ಟೀ ಅಂಗಡಿಯಲ್ಲಿ ಜನ, "ಮರ ಕೊಂದೋನು ಬಂದ" ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೊನೆಗೆ ಕೇಳಿದ್ದೂ ಅದನ್ನೇ — "ಸೆಲಾಮಿ, ನಾನು ಜೂನಲ್ಲಿ ಕಡಿಯೋನೇನೋ?"

ನಾನೇನು ಮಾಡಿದೆ? ಬಾಯಿ ಮುಚ್ಚಿಕೊಂಡಿದ್ದೆ. ನಿವೃತ್ತಿ ಹತ್ತಿರವಿತ್ತು. ಥೂ, ನನ್ನ ಜನ್ಮಕ್ಕೆ! ಈಗ ನಿವೃತ್ತನಾಗಿದ್ದೇನೆ. ಇನ್ನು ಯಾರಪ್ಪನ ಭಯವೂ ಇಲ್ಲ.

ಎಲೆ ಇರುವಾಗ ಅಂಜೂರ ಕಡಿದರೆ, ಹಾಲು ಬಿದ್ದ ಕೈಗೆ ಬಿಸಿಲು ತಾಗಿ ಬೊಬ್ಬೆ ಏಳುತ್ತದೆ. ನಮ್ಮ ಈ ಮೆಂದೆರೆಸ್ ಬಯಲಿನಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ಅಂಕಾರಾದಿಂದ ಬಂದ ಸಾಹೇಬರಿಗೆ ಗೊತ್ತಿರಲಿಲ್ಲ. "ಕೊಡ್ರೀ ಇಲ್ಲಿ, ಏನು ಮಹಾ!" ಅಂತ ತೋಳು ಮಡಚಿ ಗರಗಸ ಕಿತ್ತುಕೊಂಡರು. ಏಣಿ ಹಿಡಿದವನು ನಾನೇ. ಅಗೋ, ಗೋಡೆಯ ಮೇಲೆ ಉದ್ಘಾಟನೆಯ ಫೋಟೋ. ಮೂರು ದಿನದ ನಂತರದ್ದು. ಟೇಪು ಕತ್ತರಿಸುತ್ತಿರುವ ಕೈ ನೋಡಿ — ಮೊಣಕೈವರೆಗೆ ಬ್ಯಾಂಡೇಜು! ಕಡಿದದ್ದು ಉಸ್ತಾದರಂತೆ, ಬೊಬ್ಬೆ ಎದ್ದದ್ದು ಸಾಹೇಬರಿಗಂತೆ!

ಸಾಹೇಬರೇ, ಕೈ ಯಾಕೆ ಜೇಬಿಗೆ ಹೋಯಿತು? ಕಲೆ ಇನ್ನೂ ಹೋಗಿಲ್ಲವೇ?

ಮಕ್ಬುಲೆ ಅಕ್ಕಾ, ತಡವಾಯಿತು, ಕ್ಷಮಿಸಿ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಉಸ್ತಾದರಿಗಾಗಿ ಒಂದು ನಿಮಿಷ ಮೌನ —

ನೀವು ಬೇಡ, ನೆಜ್ದೆತ್ ಸಾಹೇಬರೇ. ನೀವು ವರ್ಷವಿಡೀ ಮೌನ ಆಚರಿಸಿದ್ದೀರಿ. ಇಗೋ ಮೈಕು. ನಾವೆಲ್ಲ ಸುಮ್ಮನಿರುತ್ತೇವೆ. ಹೇಳಿ.