ಆಫೀಸಿನಿಂದ ಬಂದವನು

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಒಬ್ಬ ಮುದುಕರೂ ಅವರ ಮಗಳೂ ಕುಳಿತಿದ್ದರು.

"ನಿನ್ನೆ ನಿಮ್ಮ ಕೇಂದ್ರ ತನಿಖಾ ಆಫೀಸಿನವನೊಬ್ಬ ಮನೆಗೆ ಬಂದಿದ್ದ ಕಣಮ್ಮ. ಆ ಕೊಲೆ ಕೇಸಲ್ಲಿ ನಿನ್ನನ್ನ ತುಂಬಾ ಹೊಗಳಿದ."

"ಹನ್ನೆರಡು ವರ್ಷದ ಸರ್ವಿಸಲ್ಲಿ ಜೊತೆಯವರಿಗೂ ನಾನು ಮನೆ ತೋರಿಸಿಲ್ಲಪ್ಪ. ನೋಡೋಕೆ ಹೇಗಿದ್ದ?"

"ನನ್ನ ಕಣ್ಣಿಗೆ ಮುಖ ಎಲ್ಲಿ ಕಾಣುತ್ತೆ? ಮಾತು ಮಾತ್ರ ಬೆಣ್ಣೆ."

ಆಕೆಯ ದನಿ ಇಳಿಯಿತು. "ಏನೇನು ಕೇಳಿದ?"

"ನನ್ನ ಆರೋಗ್ಯ ವಿಚಾರಿಸಿದ. ನಾಳೆ ಮಗಳ ಜೊತೆ ಕಣ್ಣು ತೋರಿಸೋಕೆ ಹೋಗ್ತೀನಿ ಅಂದೆ. ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಅಂದ. ಹೇಳ್ದೆ."

ಆಕೆ ಮುಂಬಾಗಿಲ ಕಡೆ ನೋಡಿದಳು. "ಏಳಪ್ಪ."

"ಮುಂದಿನ ಸರದಿ ನಮ್ಮದೇ ಅಲ್ವೇನೇ?"

"ಮಾತಾಡಬೇಡ. ನನ್ನ ಕೈ ಗಟ್ಟಿಯಾಗಿ ಹಿಡ್ಕೋ."

ನರ್ಸ್ ಅವರ ಟೋಕನ್ ನಂಬರ್ ಕೂಗುವಷ್ಟರಲ್ಲಿ ಇಬ್ಬರೂ ಹಿಂಬಾಗಿಲು ದಾಟಿದ್ದರು.